1956ರ ಪುಸ್ತಕಕ್ಕೆ ಪೈಸೆಯ ಬೆಲೆ: ಮೊದಲ ಮುದ್ರಣದ ಪ್ರತಿಯನ್ನು ಗುರುತಿಸುವುದು ಹೇಗೆ?

ಕೆಲಗೇರಿ ಓದುಗ, ಧಾರವಾಡ

ಮಾನ್ಯರೇ, ನನ್ನ ತಂದೆಯವರು ರಾಣೇಬೆನ್ನೂರಿನಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದರು. ಅವರು ಕೂಡಿಸಿಟ್ಟ ನಾನೂರರಷ್ಟು ಪುಸ್ತಕಗಳು ಈಗ ಧಾರವಾಡದ ನನ್ನ ಮನೆಗೆ ಬಂದಿವೆ. ಅವುಗಳನ್ನು ಮಾರುವ ಉದ್ದೇಶ ನನಗಿಲ್ಲ. ಆದರೆ ಒಂದು ಸರಿಯಾದ ಪಟ್ಟಿ ಮಾಡಿ, ಯಾವುದು ಮೊದಲ ಮುದ್ರಣ, ಯಾವುದು ಮರುಮುದ್ರಣ ಎಂದು ಬರೆದಿಟ್ಟು, ಮುಂದೆ ಯಾವುದಾದರೂ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದಿದ್ದೇನೆ. ಎರಡು ಪುಸ್ತಕಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು, ಈಗ ಮುಚ್ಚಿಹೋಗಿರುವ ಧಾರವಾಡದ ಒಂದು ಸಣ್ಣ ಪ್ರಕಾಶನದ ಕಥಾಸಂಕಲನ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ "ಮೊದಲನೆಯ ಮುದ್ರಣ 1956" ಎಂದು ಸ್ಪಷ್ಟವಾಗಿದೆ. ಆದರೆ ಹಿಂದಿನ ಹೊದಿಕೆಯ ಮೇಲೆ ಬೆಲೆ "2 ರೂ. 50 ಪೈಸೆ" ಎಂದು ಅಚ್ಚಾಗಿದೆ. ಒಳಗೆ ತಂದೆಯವರ ಸಹಿಯ ಕೆಳಗೆ "ರಾಣೇಬೆನ್ನೂರು, 12-6-1968" ಎಂದಿದೆ. ಎರಡನೆಯ ಮುದ್ರಣದ ಮಾತು ಎಲ್ಲಿಯೂ ಇಲ್ಲ.

ಎರಡನೆಯದು, ನಾನೇ ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡ, 1980ರ ದಶಕದ ಒಂದು ಅಮೆರಿಕನ್ ಕಾದಂಬರಿ. ನ್ಯೂಯಾರ್ಕಿನ ರ‍್ಯಾಂಡಮ್ ಹೌಸ್ ಪ್ರಕಟಿಸಿದ್ದು. ಅದರಲ್ಲಿ ಮೊದಲ ಆವೃತ್ತಿ ಎಂಬ ಮಾತಿದೆ, ಆದರೆ ಅದರ ಜೊತೆಗಿರುವ ಅಂಕಿಗಳ ಸಾಲಿನಲ್ಲಿ 1 ಇಲ್ಲ, 2ರಿಂದ 9ರವರೆಗೆ ಮಾತ್ರ ಇವೆ. ಈ ಎರಡರ ಬಗ್ಗೆಯೂ ತಿಳಿದವರು ಹೇಳಬೇಕಾಗಿ ವಿನಂತಿ.

ಗ್ರಂಥಪಾಲಕಿ, ಗದಗ

ನಿಮ್ಮ ಸಂಶಯ ಸರಿಯಾದ ಜಾಗದಲ್ಲಿಯೇ ಹುಟ್ಟಿದೆ. ನಮ್ಮಲ್ಲಿ ದಶಮಾನ ನಾಣ್ಯಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲಿನ ಪುಸ್ತಕಗಳ ಬೆಲೆ ರೂಪಾಯಿ, ಆಣೆ, ಪೈಗಳಲ್ಲಿ, ಅಂದರೆ "2-8-0" ಎಂಬಂತೆ ಮೂರು ಮನೆಗಳಲ್ಲಿ ಇರುತ್ತಿತ್ತು. 1957ರಿಂದ 1964ರ ಮೇ ತಿಂಗಳ ಕೊನೆಯವರೆಗೆ ಹೊಸ ನಾಣ್ಯವನ್ನು "ನಯೇ ಪೈಸೆ" ಎಂದೇ ಕರೆಯಲಾಗುತ್ತಿತ್ತು, ಪುಸ್ತಕಗಳಲ್ಲಿಯೂ "ನ. ಪೈ." ಎಂದು ಬರೆಯುತ್ತಿದ್ದರು. 1964ರ ಜೂನ್ 1ರಿಂದ "ನಯೇ" ಎಂಬ ಮಾತು ಬಿದ್ದುಹೋಗಿ ಬರಿಯ ಪೈಸೆ ಉಳಿಯಿತು. ಆದ್ದರಿಂದ ನಿಮ್ಮ ಹೊದಿಕೆ 1956ರದಂತೂ ಅಲ್ಲ, ಬಹುಶಃ 1964ರ ನಂತರದ್ದು.

ಪುಸ್ತಕ ತಾನೇ ಹೇಳಿಕೊಳ್ಳುವ ವರ್ಷವನ್ನು ನಂಬುವ ಮೊದಲು ಅದರ ಮೇಲಿರುವ ವಿಳಾಸ, ಬೆಲೆ, ಜಿಲ್ಲೆ, ರಾಜ್ಯಗಳ ಹೆಸರುಗಳನ್ನು ಓದಬೇಕೆಂದು ನಮ್ಮ ಹಿರಿಯ ಗ್ರಂಥಪಾಲಕರು ನನಗೆ ಕಲಿಸಿದ್ದರು. ಆರು ಅಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹಾಗಾಗಿ "ಧಾರವಾಡ 580 001" ಎಂದು ಅಚ್ಚಾದ ಹಾಳೆ ಅದಕ್ಕೂ ಹಿಂದಿನದಾಗಲು ಸಾಧ್ಯವಿಲ್ಲ. "ಮೈಸೂರು ರಾಜ್ಯ" ಎಂದಿದ್ದರೆ ಅದು 1973ರ ನವೆಂಬರ್ 1ಕ್ಕೆ ಮೊದಲಿನದೆಂದು ತಿಳಿಯಬಹುದು, ಆದರೂ ಹಳೆಯ ಲೆಟರ್‌ಹೆಡ್ಡಿನ ರೂಢಿ ಕೆಲವು ಕಾಲ ಮುಂದುವರಿಯುವುದುಂಟು. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಐಎಸ್‌ಬಿಎನ್ ಸಂಖ್ಯೆ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ, ಅದು ಹತ್ತು ಅಂಕಿಯಿಂದ ಹದಿಮೂರಕ್ಕೆ ಏರಿದ್ದು 2007ರ ಜನವರಿ 1ರಂದು. 978ರಿಂದ ಆರಂಭವಾಗುವ ಹದಿಮೂರು ಅಂಕಿಯ ಸಂಖ್ಯೆಯನ್ನು ಹೊತ್ತು "ಪ್ರಥಮ ಮುದ್ರಣ 1988" ಎಂದಷ್ಟೇ ಹೇಳುವ ಪುಸ್ತಕವನ್ನು ನಾನು ಮರುಮುದ್ರಣವೆಂದೇ ದಾಖಲಿಸುತ್ತೇನೆ.

ಮುನ್ನುಡಿಯ ಕೆಳಗಿನ ತಿಥಿಯನ್ನೂ ಬಿಡಬೇಡಿ. ನಮ್ಮ ಭಾಗದ ಹಳೆಯ ಲೇಖಕರು ಇಸವಿಯ ಬದಲು ಸಂವತ್ಸರದ ಹೆಸರು ಬರೆಯುತ್ತಿದ್ದರು. "ಕ್ರೋಧಿ ಸಂವತ್ಸರದ ಯುಗಾದಿ" ಎಂದಿದ್ದರೆ ಅದು 1964, ಅರವತ್ತು ವರ್ಷಗಳ ಸುತ್ತು ಮುಗಿದ ಮೇಲೆ 2024. ಪಂಚಾಂಗ ಬಲ್ಲವರು ಮನೆಯಲ್ಲಿದ್ದರೆ ಈ ಕೆಲಸ ಎಷ್ಟೋ ಹಗುರವಾಗುತ್ತದೆ.

ನಿಮ್ಮ ಪ್ರತಿಯ ಹಿಂದಿನ ಹೊದಿಕೆಯಲ್ಲಿ "ನಮ್ಮ ಇತರ ಪ್ರಕಟಣೆಗಳು" ಎಂಬ ಪಟ್ಟಿ ಇದೆಯೇ? ಒಳಗೆ ಎಲ್ಲಿಯಾದರೂ ಬೆಲೆ ಇದೆಯೇ? ನೋಡಿ ತಿಳಿಸಿ.

ಹಳೆ ಹಾಳೆ, ವಿದ್ಯಾನಗರ, ಹುಬ್ಬಳ್ಳಿ

ಇಂಗ್ಲಿಷ್ ಪುಸ್ತಕದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೂವತ್ತು ವರ್ಷಗಳಿಂದ ಇಂಗ್ಲಿಷ್ ಕಾದಂಬರಿಗಳ ಮೊದಲ ಮುದ್ರಣಗಳನ್ನು ಸಂಗ್ರಹಿಸುತ್ತಿದ್ದೇನೆ.

ಆ ಅಂಕಿಗಳ ಸಾಲನ್ನು ಮುದ್ರಕರ ಸಾಲು ಎನ್ನಬಹುದು. ಸಾಮಾನ್ಯ ನಿಯಮವೆಂದರೆ, ಸಾಲಿನಲ್ಲಿ ಉಳಿದಿರುವ ಅತಿ ಸಣ್ಣ ಅಂಕಿಯೇ ಆ ಪ್ರತಿ ಎಷ್ಟನೆಯ ಮುದ್ರಣದ್ದೆಂದು ಹೇಳುತ್ತದೆ. 1ರಿಂದ 10ರವರೆಗೆ ಎಲ್ಲವೂ ಇದ್ದರೆ ಮೊದಲ ಮುದ್ರಣ. ಮರುಮುದ್ರಣ ಮಾಡುವಾಗ ಹೊಸ ಪ್ಲೇಟು ಮಾಡುವ ಖರ್ಚಿಲ್ಲದೆ ಇದ್ದ ಪ್ಲೇಟಿನಲ್ಲಿಯೇ 1ನ್ನು ಕೆರೆದು ತೆಗೆದರೆ ಸಾಕು, ಉಳಿದ ಸಾಲು ತಾನಾಗಿಯೇ ಎರಡನೆಯ ಮುದ್ರಣವೆಂದು ಹೇಳುತ್ತದೆ. ಅಳಿಸುವುದು ಸುಲಭ, ಸೇರಿಸುವುದು ಕಷ್ಟ ಎಂಬ ಅಚ್ಚುಕೂಟದ ಅನುಕೂಲದಿಂದಲೇ ಈ ಪದ್ಧತಿ ಹುಟ್ಟಿದೆ. ಅಂಕಿಗಳು ಇಳಿಮುಖವಾಗಿರಬಹುದು, ಅಥವಾ 1 3 5 7 9 10 8 6 4 2 ಎಂದು ಎರಡೂ ಕಡೆಯಿಂದ ಒಳಕ್ಕೆ ಬರಬಹುದು. ಕ್ರಮ ಹೇಗೇ ಇರಲಿ, ಸಣ್ಣ ಅಂಕಿಯನ್ನೇ ಹುಡುಕಬೇಕು.

ಆದರೆ ನಿಮ್ಮ ಪುಸ್ತಕದ ಪ್ರಕಾಶಕರು ಈ ನಿಯಮಕ್ಕೆ ಪ್ರಸಿದ್ಧವಾದ ಅಪವಾದ. ಅನೇಕ ವರ್ಷಗಳ ಕಾಲ ರ‍್ಯಾಂಡಮ್ ಹೌಸ್‌ನವರು ಮೊದಲ ಮುದ್ರಣದಲ್ಲಿ "ಮೊದಲ ಆವೃತ್ತಿ" ಎಂಬ ಮಾತನ್ನೂ 2ರಿಂದ ಆರಂಭವಾಗುವ ಸಾಲನ್ನೂ ಒಟ್ಟಿಗೆ ಅಚ್ಚು ಹಾಕುತ್ತಿದ್ದರು. ಅಲ್ಲಿ ಆ ಮಾತೇ 1ರ ಕೆಲಸ ಮಾಡುತ್ತಿತ್ತು. ಎರಡನೆಯ ಮುದ್ರಣದಲ್ಲಿ ಆ ಮಾತನ್ನು ತೆಗೆದುಹಾಕಿ 2ನ್ನು ಉಳಿಸಿಕೊಳ್ಳುತ್ತಿದ್ದರು. ಆದ್ದರಿಂದ ಎರಡೂ ಇರುವ ನಿಮ್ಮ ಪ್ರತಿ ಮೊದಲ ಮುದ್ರಣದ ಲಕ್ಷಣವನ್ನೇ ತೋರಿಸುತ್ತಿದೆ.

ಒಂದು ಪ್ರಕಾಶನದ ರೂಢಿಯನ್ನು ಇನ್ನೊಂದು ಪ್ರಕಾಶನಕ್ಕೆ ಅನ್ವಯಿಸಬಾರದೆಂಬುದನ್ನು ನಾನು ಹಣ ಕಳೆದುಕೊಂಡು ಕಲಿತಿದ್ದೇನೆ. ಸ್ಕ್ರಿಬ್ನರ್ಸ್‌ನವರು 1930ರ ನಂತರ ಬಹುಕಾಲ ಮೊದಲ ಮುದ್ರಣಕ್ಕೆ "ಎ" ಎಂಬ ಒಂದೇ ಅಕ್ಷರ ಹಾಕುತ್ತಿದ್ದರು. ಬ್ರಿಟಿಷ್ ಪ್ರಕಾಶಕರಲ್ಲಿ ಹಲವರು ಮೊದಲು ಪ್ರಕಟವಾದ ವರ್ಷವನ್ನಷ್ಟೇ ಹೇಳಿ, ಮರುಮುದ್ರಣವಾದಾಗ ಅದರ ಕೆಳಗೆ ಹೊಸ ವರ್ಷವನ್ನು ಸೇರಿಸುತ್ತ ಹೋಗುತ್ತಿದ್ದರು, ಕೆಳಗೆ ಏನೂ ಇಲ್ಲದಿರುವುದೇ ಅಲ್ಲಿ ಸಾಕ್ಷಿ. ಪೇಪರ್‌ಬ್ಯಾಕಿನಲ್ಲಿ 1 ಕಂಡ ತಕ್ಷಣ ಸಂತೋಷಪಡುವವರನ್ನೂ ಕಂಡಿದ್ದೇನೆ. ಅದು ಪೇಪರ್‌ಬ್ಯಾಕಿನ ಮೊದಲ ಮುದ್ರಣವೇ ಹೊರತು ಪುಸ್ತಕದ ಮೊದಲ ಆವೃತ್ತಿಯಲ್ಲ.

ಅಮೆರಿಕನ್ ಪುಸ್ತಕವಾದ್ದರಿಂದ ಇನ್ನೊಂದು ಪರೀಕ್ಷೆ ಮಾಡಿ. ಬುಕ್ ಕ್ಲಬ್ಬಿನ ಸದಸ್ಯರಿಗಾಗಿ ಪ್ರತ್ಯೇಕವಾಗಿ ಅಚ್ಚಾದ ಪ್ರತಿಗಳು ಮೇಲ್ನೋಟಕ್ಕೆ ಮೂಲದಂತೆಯೇ ಇರುತ್ತವೆ. ಆದರೆ ಅವುಗಳ ಜಾಕೆಟ್ಟಿನ, ಅಂದರೆ ರಟ್ಟಿನ ಮೇಲೆ ಸುತ್ತಿದ ಕಾಗದದ ಹೊದಿಕೆಯ, ಒಳಮಡಿಕೆಯಲ್ಲಿ ಬೆಲೆ ಇರುವುದಿಲ್ಲ, ಕಾಗದ ಹಗುರ, ಅಳತೆ ತುಸು ಕಿರಿದು, ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಹಲವು ಸಲ ಬೆರಳಿಗೆ ತಾಗುವಂಥ ಒಂದು ಸಣ್ಣ ತಗ್ಗು ಇರುತ್ತದೆ. ಜಾಕೆಟ್ಟಿನಲ್ಲಿ ಬೆಲೆಯಿರುವ ಮೂಲೆಯನ್ನೇ ಕತ್ತರಿಸಿದ್ದರೆ ಇನ್ನಷ್ಟು ಎಚ್ಚರ ಬೇಕು.

ನಮ್ಮ ದೇಶದವರು ಮರೆಯಬಾರದ ಒಂದು ಮಾತಿದೆ. ಲಂಡನ್ನಿನ ಪ್ರತಿಯೇ ಮೊದಲನೆಯದೆಂದು ಊಹಿಸಬೇಡಿ. ಅರುಂಧತಿ ರಾಯ್ ಅವರ "ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್" 1997ರ ಏಪ್ರಿಲ್‌ನಲ್ಲಿ ದೆಹಲಿಯ ಇಂಡಿಯಾಇಂಕ್‌ನಿಂದ ಹೊರಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದಕ್ಕೆ ಬುಕರ್ ಪ್ರಶಸ್ತಿ ಬಂದುದರಿಂದ, ಹೊದಿಕೆಯ ಮೇಲೆ ಆ ಪ್ರಶಸ್ತಿಯ ಹೆಸರು ಅಚ್ಚಾಗಿದ್ದರೆ ಆ ಹೊದಿಕೆ ಆನಂತರದ್ದು. ಇದಕ್ಕೆ ವಿರುದ್ಧವಾಗಿ ಆರ್. ಕೆ. ನಾರಾಯಣ್ ಅವರ "ಸ್ವಾಮಿ ಅಂಡ್ ಫ್ರೆಂಡ್ಸ್" 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್‌ನಿಂದ ಬಂದದ್ದು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಮೈಸೂರಿನ ಇಂಡಿಯನ್ ಥಾಟ್ ಪಬ್ಲಿಕೇಶನ್ಸ್‌ನ ಪ್ರತಿಗಳು ನಂತರದವು.

ಕೆಲಗೇರಿ ಓದುಗ, ಧಾರವಾಡ

ಇಬ್ಬರಿಗೂ ಕೃತಜ್ಞತೆಗಳು. ಅಮೆರಿಕನ್ ಕಾದಂಬರಿಯ ಜಾಕೆಟ್ಟಿನಲ್ಲಿ ಡಾಲರ್ ಬೆಲೆ ಇದೆ, ರಟ್ಟಿನಲ್ಲಿ ತಗ್ಗು ಇಲ್ಲ. ಆ ಸಮಸ್ಯೆ ಬಗೆಹರಿಯಿತು.

ಕಥಾಸಂಕಲನದಲ್ಲಿ ಎರಡು ಸಂಗತಿಗಳು ಕಂಡವು. ಹಿಂದಿನ ಹೊದಿಕೆಯಲ್ಲಿ ಒಂಬತ್ತು ಪುಸ್ತಕಗಳ ಪಟ್ಟಿ ಇದೆ. ಅವುಗಳಲ್ಲಿ ಒಂದು ಕಾದಂಬರಿ ತಂದೆಯವರ ಕಪಾಟಿನಲ್ಲಿಯೇ ಇದ್ದು, ಅದರ ಮೊದಲ ಮುದ್ರಣ 1966 ಎಂದಿದೆ. ಇನ್ನೊಂದು ಸಂಗತಿಯನ್ನು ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ "ಬೆಲೆ" ಎಂಬ ಮಾತಿನ ಮುಂದೆ ಒಂದು ಬೆರಳಗಲದ ಕಾಗದದ ಪಟ್ಟಿಯನ್ನು ಅಂಟಿಸಿದ್ದಾರೆ, ಕಾಗದದ ಬಣ್ಣವೂ ಪುಟದ ಬಣ್ಣವೂ ಒಂದೇ ಆಗಿಹೋಗಿವೆ. ಹಾಳೆಯ ಹಿಂದೆ ಟಾರ್ಚ್ ಹಿಡಿದು ನೋಡಿದಾಗ ಪಟ್ಟಿಯ ಕೆಳಗೆ "2-8-0" ಎಂದು ಓದಲು ಬಂತು.

ಅಂದರೆ ಒಳಗೆ ಎರಡು ರೂಪಾಯಿ ಎಂಟಾಣೆ, ಹೊರಗೆ ಎರಡೂವರೆ ರೂಪಾಯಿ. ಬೆಲೆ ಬದಲಾಗಿಲ್ಲ, ನಾಣ್ಯ ಮಾತ್ರ ಬದಲಾಗಿದೆ. ಹಾಗಾದರೆ ಈ ಪುಸ್ತಕ ಅಚ್ಚಾದದ್ದು ಯಾವಾಗ?

ಮೊಳೆಜೋಡಣೆ, ಹಳೇ ಹುಬ್ಬಳ್ಳಿ

ನಾನು 1969ರಿಂದ ಇಪ್ಪತ್ತಾರು ವರ್ಷ ಹುಬ್ಬಳ್ಳಿಯ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಮಾಡಿದವನು. ನೀವು ಹೇಳುತ್ತಿರುವುದನ್ನು ಓದಿದರೆ ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಾವು ಇಂಥದನ್ನು ವರ್ಷಕ್ಕೆ ಹತ್ತು ಸಲ ಮಾಡುತ್ತಿದ್ದೆವು.

ಸಣ್ಣ ಪ್ರಕಾಶಕರು ಸಾವಿರ ಪ್ರತಿ ಅಚ್ಚು ಹಾಕಿಸುತ್ತಿದ್ದರು, ಆದರೆ ಸಾವಿರವನ್ನೂ ಒಮ್ಮೆಲೇ ಬೈಂಡ್ ಮಾಡಿಸುತ್ತಿರಲಿಲ್ಲ. ಬೈಂಡಿಂಗಿಗೆ ಬೇರೆ ದುಡ್ಡು ಬೇಕು. ಮುನ್ನೂರು ಪ್ರತಿ ಹೊಲಿಸಿ ಹೊದಿಕೆ ಹಾಕಿಸಿ ಮಾರಾಟಕ್ಕೆ ಕಳಿಸಿ, ಉಳಿದ ಫಾರ್ಮುಗಳನ್ನು, ಅಂದರೆ ಹಲವು ಪುಟಗಳು ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಗಳನ್ನು, ಕಟ್ಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಆ ಮುನ್ನೂರು ಖರ್ಚಾದ ಮೇಲೆ ಇನ್ನಷ್ಟು ಹೊಲಿಸುತ್ತಿದ್ದರು. ಹೊದಿಕೆ ಮೊದಲೇ ಮುಗಿದಿದ್ದರೆ, ಅಥವಾ ಇಲಿ, ಗೆದ್ದಲು, ಮಳೆನೀರಿನಿಂದ ಹಾಳಾಗಿದ್ದರೆ, ಹೊದಿಕೆಯನ್ನು ಮಾತ್ರ ಹೊಸದಾಗಿ ಅಚ್ಚು ಮಾಡಿಸುತ್ತಿದ್ದರು. ಹೊದಿಕೆಗೆ ಬ್ಲಾಕು, ಅಂದರೆ ಚಿತ್ರದ ಅಚ್ಚು, ಬೇಕಾಗುತ್ತಿದ್ದುದರಿಂದ ಅದು ಅನೇಕ ಸಲ ಬೇರೊಂದು ಪ್ರೆಸ್ಸಿನಲ್ಲಿಯೇ ಅಚ್ಚಾಗುತ್ತಿತ್ತು. ಹಾಗಾಗಿ ಹೊದಿಕೆಯ ವಯಸ್ಸೂ ಒಳಹಾಳೆಗಳ ವಯಸ್ಸೂ ಒಂದೇ ಇರಬೇಕೆಂಬ ನಿಯಮ ನಮ್ಮ ಕಡೆಯ ಪುಸ್ತಕಗಳಿಗೆ ಇಲ್ಲ.

ಒಳಹಾಳೆ ಮೊದಲ ಮುದ್ರಣದ್ದೇ ಎಂದು ಖಚಿತ ಮಾಡಿಕೊಳ್ಳುವುದಕ್ಕೆ ಒಂದು ದಾರಿ ಇದೆ. ಮೊಳೆ ಎಂದರೆ ಸೀಸ, ಸೀಸ ಎಂದರೆ ಬಂಡವಾಳ. ಒಂದು ಫಾರ್ಮು ಅಚ್ಚಾದ ಕೂಡಲೇ ಮೊಳೆಗಳನ್ನು ತೊಳೆದು, ಜೋಡಣೆ ಕೆಡವಿ, ಒಂದೊಂದನ್ನೂ ತನ್ನ ತನ್ನ ಖಾನೆಗೆ ಹಾಕುತ್ತಿದ್ದೆವು. ಮುಂದಿನ ಫಾರ್ಮಿಗೆ ಅದೇ ಮೊಳೆಗಳು ಬೇಕಾಗುತ್ತಿದ್ದವು. ಇನ್ನೂರು ಪುಟದ ಜೋಡಣೆಯನ್ನು ಮುಂದಿನ ಮುದ್ರಣಕ್ಕೆಂದು ಕಟ್ಟಿಡುವ ಶಕ್ತಿ ಯಾವ ಸಣ್ಣ ಪ್ರೆಸ್ಸಿಗೂ ಇರಲಿಲ್ಲ. ಆದ್ದರಿಂದ ಎರಡನೆಯ ಮುದ್ರಣವೆಂದರೆ ಮೊದಲಿನಿಂದ ಮತ್ತೆ ಜೋಡಿಸಲೇಬೇಕು. ಬೇರೆ ಕೈ ಜೋಡಿಸಿದಾಗ ಸಾಲುಗಳು ಅದೇ ಜಾಗದಲ್ಲಿ ಮುರಿಯುವುದಿಲ್ಲ, ಒಂದು ಪುಟದಲ್ಲಿ ಹೊಂದಿದರೂ ಮೂರನೆಯ ಪುಟದಲ್ಲಿ ತಪ್ಪುತ್ತದೆ. ನಿಶ್ಚಿತವಾಗಿ ಹಳೆಯದಾದ ಇನ್ನೊಂದು ಪ್ರತಿ ಸಿಕ್ಕರೆ ಹತ್ತು ಪುಟಗಳ ಸಾಲಿನ ಕೊನೆಗಳನ್ನು ಹೋಲಿಸಿ ನೋಡಿ.

ಮುಂದೆ ಆಫ್‌ಸೆಟ್ ಬಂದ ಮೇಲೆ ಹಳೆಯ ಪುಟಗಳ ಫೋಟೋ ತೆಗೆದು ಅಚ್ಚು ಹಾಕುವುದು ಸಾಧ್ಯವಾಯಿತು. ಆಗ ಸಾಲುಗಳು ಹೊಂದುತ್ತವೆ, ಆದರೆ ಅಕ್ಷರ ತುಸು ದಪ್ಪಗಾಗಿ ಅಂಚು ಮಸುಕಾಗಿರುತ್ತದೆ. ಹಾಳೆಯ ಹಿಂಬದಿಯನ್ನು ಕಿಟಕಿಯ ಓರೆ ಬೆಳಕಿನಲ್ಲಿ ಹಿಡಿದು ಬೆರಳಾಡಿಸಿ. ಮೊಳೆಯ ಅಚ್ಚಾದರೆ ಅಕ್ಷರ ಕಾಗದವನ್ನು ಒತ್ತಿದ ಗುರುತು ಹಿಂದೆ ಉಬ್ಬಿರುತ್ತದೆ, ಆಫ್‌ಸೆಟ್ಟಿನಲ್ಲಿ ಆ ಉಬ್ಬು ಇರುವುದಿಲ್ಲ.

ಸಂಶೋಧನಾ ವಿದ್ಯಾರ್ಥಿ, ಕರ್ನಾಟಕ ವಿಶ್ವವಿದ್ಯಾಲಯ

ಕಾಕಾ, ನಿಮ್ಮ ಬರಹದಿಂದ ನನ್ನ ಎಷ್ಟೋ ಟಿಪ್ಪಣಿಗಳನ್ನು ತಿದ್ದಿಕೊಳ್ಳಬೇಕಾಗಿದೆ. ಒಂದು ಸಂದೇಹ ಕೇಳುತ್ತೇನೆ. ಒಂದೇ ಮುದ್ರಣದ ಎರಡು ಪ್ರತಿಗಳಲ್ಲಿ ಒಂದರಲ್ಲಿ ಒತ್ತಕ್ಷರ ಇದ್ದು, ಇನ್ನೊಂದರಲ್ಲಿ ಅದೇ ಜಾಗ ಖಾಲಿ ಇರುವುದನ್ನು ಕಂಡಿದ್ದೇನೆ. ಇವುಗಳನ್ನು ಬೇರೆ ಬೇರೆ ಮುದ್ರಣಗಳೆಂದು ಎಣಿಸಬೇಕೇ?

ಇನ್ನು ಪದಗಳ ಬಗ್ಗೆ. "ಮುದ್ರಣ" ಮತ್ತು "ಆವೃತ್ತಿ" ಎರಡೂ ಒಂದೇ ಎಂಬಂತೆ ನಮ್ಮ ಪ್ರಕಾಶಕರು ಬಳಸುತ್ತಾರೆ. ಪಠ್ಯ ಬದಲಾಗದೆ ಮತ್ತೆ ಅಚ್ಚಾದರೆ ಅದು ಮುದ್ರಣ, ಲೇಖಕರು ತಿದ್ದಿದರೆ ಅಥವಾ ಸೇರಿಸಿದರೆ ಅದು ಆವೃತ್ತಿ ಎಂದು ನಾನು ಹಿಡಿದುಕೊಂಡಿದ್ದೇನೆ. ಆದರೆ ಬರಿಯ ಮರುಮುದ್ರಣಕ್ಕೆ "ದ್ವಿತೀಯ ಆವೃತ್ತಿ" ಎಂದೂ, ಮೂರು ಅಧ್ಯಾಯ ಸೇರಿದ ಪುಸ್ತಕಕ್ಕೆ "ಎರಡನೆಯ ಮುದ್ರಣ" ಎಂದೂ ಅಚ್ಚಾಗಿರುವುದನ್ನು ಕಂಡಿದ್ದೇನೆ. ಪ್ರಕಾಶಕರು ಬದಲಾದಾಗ ಗೊಂದಲ ಇನ್ನೂ ಹೆಚ್ಚು. ಅನಂತಮೂರ್ತಿಯವರ "ಸಂಸ್ಕಾರ" 1965ರಲ್ಲಿ ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದದ್ದು, ಮುಂದೆ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಮರುಮುದ್ರಣಗಳನ್ನು ಕಂಡಿದೆ. ಇಂಥ ಪುಸ್ತಕಗಳಲ್ಲಿ ವರ್ಷಕ್ಕಿಂತ ಮೊದಲು ಪ್ರಕಾಶಕರ ಹೆಸರನ್ನು ನೋಡುವುದು ಕ್ಷೇಮ. ಬೇಂದ್ರೆಯವರ "ನಾಕುತಂತಿ" 1964ರದು. ಅದಕ್ಕೆ ಬಂದ ಜ್ಞಾನಪೀಠ 1973ನೆಯ ಸಾಲಿನದು. ಜ್ಞಾನಪೀಠದ ಉಲ್ಲೇಖವಿರುವ ಪ್ರತಿಯನ್ನು ಮೊದಲ ಮುದ್ರಣವೆಂದು ತೋರಿಸಿ ನನಗೆ ಮಾರಲು ಬಂದವರಿದ್ದರು.

ಓದುಗ ಸರ್, ನಿಮ್ಮ ಕಥಾಸಂಕಲನದ ಒಂದು ಪ್ರತಿ ಧಾರವಾಡದ ಹಳೆಯ ಗ್ರಂಥಾಲಯವೊಂದರಲ್ಲಿ ಇದ್ದ ನೆನಪಿದೆ. ಪುಸ್ತಕದ ಹೆಸರನ್ನು ಪ್ರತ್ಯೇಕವಾಗಿ ತಿಳಿಸಿದರೆ ಈ ವಾರ ಹೋಗಿ ನೋಡಿಬರುತ್ತೇನೆ. 17, 33, 49, 83ನೆಯ ಪುಟಗಳ ಫೋಟೋ ಕಳಿಸಿ.

ಮೊಳೆಜೋಡಣೆ, ಹಳೇ ಹುಬ್ಬಳ್ಳಿ

ಒತ್ತಕ್ಷರದ ಬಗ್ಗೆ ಹೇಳುತ್ತೇನೆ ತಮ್ಮಾ. ಒತ್ತುಗಳ ಮೊಳೆ ಸಣ್ಣದು, ಕಟ್ಟು ಸಡಿಲಾದರೆ ಶಾಯಿಯ ರೋಲರಿಗೆ ಅಂಟಿಕೊಂಡು ಎದ್ದುಬಿಡುತ್ತಿತ್ತು. ಮುನ್ನೂರನೆಯ ಹಾಳೆಯಲ್ಲಿ ಇದ್ದದ್ದು ನಾನೂರನೆಯದರಲ್ಲಿ ಇಲ್ಲ. ಯಾರಾದರೂ ಗಮನಿಸಿದರೆ ಮಷಿನ್ ನಿಲ್ಲಿಸಿ ಮತ್ತೆ ಕೂಡಿಸುತ್ತಿದ್ದೆವು. ಅದು ಬೇರೆ ಮುದ್ರಣವಲ್ಲ. ಮುರಿದ ಅಕ್ಷರ ಹಾಗಲ್ಲ, ಮುರಿದದ್ದು ತಾನಾಗಿ ಕೂಡುವುದಿಲ್ಲವಾದ್ದರಿಂದ ಹೆಚ್ಚು ನಂಬಬಹುದಾದ ಸಾಕ್ಷಿ.

ನೀವು 17, 33, 49 ಎಂದು ಆರಿಸಿದ್ದು ಸರಿಯಾಗಿದೆ. ಹದಿನಾರು ಪುಟದ ಫಾರ್ಮಾದರೆ ಹೊಸ ಫಾರ್ಮು ಅಲ್ಲಿಂದಲೇ ಶುರುವಾಗುತ್ತದೆ, ಪುಟದ ಕೆಳಗೆ ಫಾರ್ಮಿನ ಅಂಕಿ ಸಣ್ಣದಾಗಿ ಇರುತ್ತದೆ. ಅದು ಯಾವ ಬದಿಗೆ, ಎಷ್ಟು ಅಂತರದಲ್ಲಿ ಕುಳಿತಿದೆ ಎಂಬುದನ್ನೂ ಹೋಲಿಸಿ.

ಸಂಶೋಧನಾ ವಿದ್ಯಾರ್ಥಿ, ಕರ್ನಾಟಕ ವಿಶ್ವವಿದ್ಯಾಲಯ

ನಿನ್ನೆ ಹೋಗಿ ನೋಡಿದೆ. ಗ್ರಂಥಾಲಯದ ಪ್ರತಿಗೆ ಹೊದಿಕೆ ಇಲ್ಲ, ಎಂದೋ ರಟ್ಟು ಹಾಕಿ ಬೈಂಡ್ ಮಾಡಿಸಿದ್ದಾರೆ, ಅಂಚುಗಳನ್ನೂ ಕತ್ತರಿಸಿದ್ದಾರೆ. ಆದರೆ ಶೀರ್ಷಿಕೆ ಪುಟದ ಮೇಲೆ ದಾಖಲಾತಿಯ ಮೊಹರು ಸ್ವಚ್ಛವಾಗಿದ್ದು, ಕೈಬರಹದಲ್ಲಿ "21-8-57" ಎಂದಿದೆ. ಹಿಂಬದಿಯಲ್ಲಿ ಬೆಲೆ "2-8-0", ಅದರ ಮೇಲೆ ಯಾವ ಪಟ್ಟಿಯೂ ಇಲ್ಲ.

ಸರ್ ಕಳಿಸಿದ ನಾಲ್ಕು ಪುಟಗಳಲ್ಲಿ ಸಾಲುಗಳೆಲ್ಲ ಒಂದೇ ಕಡೆ ಮುರಿಯುತ್ತವೆ. ಫಾರ್ಮಿನ ಅಂಕಿಗಳು ಅದೇ ಜಾಗದಲ್ಲಿವೆ. 83ನೆಯ ಪುಟದ ಮೇಲಿನಿಂದ ಆರನೆಯ ಸಾಲಿನಲ್ಲಿ "ಳ" ಅಕ್ಷರದ ಬಾಲ ಮುರಿದಿದೆ, ಎರಡೂ ಪ್ರತಿಗಳಲ್ಲಿ ಒಂದೇ ರೀತಿ. ಗ್ರಂಥಾಲಯದ ಪ್ರತಿಯಲ್ಲಿ ಹಿಂಬದಿಯ ಉಬ್ಬು ಕೈಗೆ ಸಿಗುತ್ತದೆ.

ಕೆಲಗೇರಿ ಓದುಗ, ಧಾರವಾಡ

ನನ್ನ ಪ್ರತಿಯಲ್ಲಿಯೂ ಆ ಉಬ್ಬು ಸ್ಪಷ್ಟವಾಗಿದೆ. ಕಿಟಕಿಯ ಹತ್ತಿರ ಕುಳಿತು ಒಂದೊಂದೇ ಹಾಳೆಯನ್ನು ತಿರುವಿ ನೋಡಿದೆ. ಹಾಗಾದರೆ ಹಾಳೆಗಳು 1956ರವು, ಹೊದಿಕೆ 1966ಕ್ಕಿಂತ ಹಿಂದಿನದಲ್ಲ, ತಂದೆಯವರು ಕೊಂಡ 1968ರ ಜೂನ್ 12ಕ್ಕಿಂತ ಮುಂದಿನದೂ ಅಲ್ಲ. ಇದನ್ನು ಪಟ್ಟಿಯಲ್ಲಿ ಮೊದಲ ಮುದ್ರಣವೆಂದು ಬರೆಯಬಹುದೇ?

ಹಳೆ ಹಾಳೆ, ವಿದ್ಯಾನಗರ, ಹುಬ್ಬಳ್ಳಿ

ಸಂಗ್ರಾಹಕನಾಗಿ ನಾನು ಹಿಂಜರಿಯುತ್ತೇನೆ. ಮೊದಲ ಮುದ್ರಣವೆಂದರೆ ಓದುಗನ ಕೈಗೆ ಮೊದಲು ಬಂದ ರೂಪ. 1956ರಲ್ಲಿ ಕೊಂಡವನು ಈ ಹೊದಿಕೆಯನ್ನು ನೋಡಿರಲಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿಯೂ ಮೂಲ ಜಾಕೆಟ್ಟಿನ ಜಾಗದಲ್ಲಿ ಆನಂತರದ ಮುದ್ರಣದ ಜಾಕೆಟ್ ಹಾಕಿದ್ದರೆ ಅದನ್ನು ಬಾಯಿಬಿಟ್ಟು ಹೇಳದೆ ಮಾರುವುದನ್ನು ನಾವು ಮೋಸವೆಂದೇ ಎಣಿಸುತ್ತೇವೆ.

ಗ್ರಂಥಪಾಲಕಿ, ಗದಗ

ಇಲ್ಲಿ ಯಾರೂ ಜಾಕೆಟ್ ಬದಲಿಸಿಲ್ಲ ಸರ್, ಪ್ರಕಾಶಕರೇ ಹಾಗೆ ಹೊರತಂದಿದ್ದಾರೆ. ಪಠ್ಯವನ್ನು ಅಧ್ಯಯನ ಮಾಡುವವರಿಗೆ ಇದು ಸಂಪೂರ್ಣವಾಗಿ ಮೊದಲ ಮುದ್ರಣವೇ, ಏಕೆಂದರೆ ಲೇಖಕರು ಕರಡು ತಿದ್ದಿದ ಹಾಳೆಗಳು ಇವೇ. ಆದರೆ ನಿಮ್ಮ ಆಕ್ಷೇಪವನ್ನೂ ನಾನು ಒಪ್ಪುತ್ತೇನೆ. ದಾಖಲೆಯಲ್ಲಿ ಎರಡನ್ನೂ ಬೇರ್ಪಡಿಸಿ ಬರೆದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಅಂಟಿಸಿದ ಪಟ್ಟಿಯನ್ನು ಮಾತ್ರ ದಯವಿಟ್ಟು ನೀರು ಹಚ್ಚಿ ಬಿಡಿಸಬೇಡಿ. ಆ ಪಟ್ಟಿಯೇ ಈ ಪ್ರತಿಯ ಚರಿತ್ರೆ. ಗ್ರಂಥಾಲಯದ ಪ್ರತಿಯಲ್ಲಿ ಹೊದಿಕೆ ಇಲ್ಲದಿರುವುದರಿಂದ, 1956ರ ಮೂಲ ಹೊದಿಕೆ ಹೇಗಿತ್ತೆಂದು ತೋರಿಸುವ ಪ್ರತಿ ಎಲ್ಲಿಯಾದರೂ ಸಿಕ್ಕರೆ ಎಲ್ಲರಿಗೂ ತಿಳಿಸಿ. ರದ್ದಿ ಅಂಗಡಿಗಳಲ್ಲಿಯೂ ಕಣ್ಣಿಟ್ಟಿರಿ.

ಕೆಲಗೇರಿ ಓದುಗ, ಧಾರವಾಡ

ಪಟ್ಟಿಯನ್ನು ಮುಟ್ಟಿಲ್ಲ. ಮೆತ್ತನೆಯ ಪೆನ್ಸಿಲಿನಿಂದ ಒಂದು ಚೀಟಿಯ ಮೇಲೆ ಹೀಗೆ ಬರೆದು ಪುಸ್ತಕದೊಳಗೆ ಇಟ್ಟಿದ್ದೇನೆ: "ಮೊದಲ ಮುದ್ರಣದ ಹಾಳೆಗಳು, 1956. ಹೊದಿಕೆ ಆನಂತರದ್ದು, 1966 ಮತ್ತು 1968ರ ಜೂನ್ ನಡುವೆ. ಒಳಬೆಲೆ 2-8-0, ಮೇಲೆ ಪಟ್ಟಿ ಅಂಟಿಸಿದೆ. 83ನೆಯ ಪುಟದಲ್ಲಿ ಮುರಿದ 'ಳ'. ಧಾರವಾಡದ ಗ್ರಂಥಾಲಯದ, 1957ರ ಆಗಸ್ಟ್‌ನಲ್ಲಿ ದಾಖಲಾದ ಪ್ರತಿಯೊಂದಿಗೆ ಹೋಲಿಸಿ ನೋಡಿದೆ. ಮೂಲ ಹೊದಿಕೆ ಸಿಕ್ಕಿಲ್ಲ."

ಹಿಂದಿನ ಹೊದಿಕೆಯ ಪಟ್ಟಿಯಲ್ಲಿರುವ ಉಳಿದ ಎಂಟು ಪುಸ್ತಕಗಳಲ್ಲಿ ಐದು ತಂದೆಯವರ ಕಪಾಟಿನಲ್ಲಿ ಇವೆ. ಅವುಗಳಲ್ಲಿ ಎರಡಕ್ಕೆ ಒಳಗೆ ಆಣೆಯ ಬೆಲೆ ಇದೆ, ಹೊದಿಕೆಯ ಮೇಲೆ ಪೈಸೆ. ನಾಳೆಯಿಂದ ಅವುಗಳ ಫೋಟೋ ಹಾಕುತ್ತೇನೆ. ಕಾಕಾ, ಫಾರ್ಮಿನ ಅಂಕಿ ಕಾಣುವ ಪುಟಗಳನ್ನೇ ತೆಗೆಯುತ್ತೇನೆ, ನೋಡಿ ಹೇಳಿರಿ.